ಗನ್ ಇಟ್ಟುಕೊಂಡು ಟೆಕ್ಸಾಸ್‌ನಿಂದ ನ್ಯೂಜೆರ್ಸಿಗೆ ಮನೆ ಬದಲಿಸುವವರಿಗೆ

"ಟೆಕ್ಸಾಸ್ ಲೈಸೆನ್ಸ್ ಇದೆಯಲ್ಲ, ಸಾಕಲ್ವಾ?" ಡಲ್ಲಾಸ್ ಕಡೆಯಿಂದ ನ್ಯೂಜೆರ್ಸಿಗೆ ಹೊರಟ ಕನ್ನಡದವರು ನನ್ನನ್ನು ಮೊದಲು ಕೇಳುವುದೇ ಇದನ್ನು. ಸಾಲುವುದಿಲ್ಲ. ಡ್ರೈವಿಂಗ್ ಲೈಸೆನ್ಸನ್ನು ಎಲ್ಲ ರಾಜ್ಯಗಳೂ ಒಪ್ಪುತ್ತವೆ. ಗನ್ ಕ್ಯಾರಿ ಮಾಡುವ, ಅಂದರೆ ಮೈಮೇಲೆ ಇಟ್ಟುಕೊಂಡು ಓಡಾಡುವ ಪರ್ಮಿಟ್ ಹಾಗಲ್ಲ. ನ್ಯೂಜೆರ್ಸಿಯಂತೂ ಬೇರೆ ಯಾವ ರಾಜ್ಯದ ಪರ್ಮಿಟ್ಟನ್ನೂ ಒಪ್ಪುವುದಿಲ್ಲ. ನಾನೂ ಅದೇ ದಾರಿಯಲ್ಲಿ ಬಂದವಳು, ಹಾಗಾಗಿ ಆ ದಾರಿಯನ್ನೇ ಹಿಡಿದು ಹೇಳುತ್ತೇನೆ.

ಗನ್ನಿನ ಮಾತಿಗೂ ಮೊದಲು ನಿಮ್ಮ ವೀಸಾ ನೋಡಿಕೊಳ್ಳಿ. ಎಚ್-1ಬಿ, ಎಚ್-4, ಎಫ್-1, ಬಿ-2ನಂಥ ತಾತ್ಕಾಲಿಕ ವೀಸಾದಲ್ಲಿ (ಕೆಲಸ, ಕೆಲಸದವರ ಕುಟುಂಬ, ಓದು, ಪ್ರವಾಸ) ಇರುವವರು ಬಂದೂಕನ್ನಾಗಲಿ ಗುಂಡನ್ನಾಗಲಿ ಇಟ್ಟುಕೊಂಡರೆ ಅದು ಫೆಡರಲ್ ಅಪರಾಧ. ಬೇಟೆ ಲೈಸೆನ್ಸ್ ಪಡೆದವರಿಗೆ ಮತ್ತು ಇನ್ನು ಕೆಲವೇ ಕೆಲವರಿಗೆ ಮಾತ್ರ ವಿನಾಯಿತಿ. 2022ರಿಂದ ಇದಕ್ಕೆ ಗರಿಷ್ಠ ಶಿಕ್ಷೆ 15 ವರ್ಷ. ಯಾವ ರಾಜ್ಯಕ್ಕೆ ಹೋದರೂ ಇದು ಬದಲಾಗುವುದಿಲ್ಲ. ಊರಿಂದ ಬಂದ ಅಪ್ಪನ ಕೈಗೆ ಶೂಟಿಂಗ್ ರೇಂಜಿನಲ್ಲಿ ಪಿಸ್ತೂಲು ಕೊಟ್ಟು ಫೋಟೋ ತೆಗೆಯುವವರನ್ನು ಕಂಡರೆ ನನ್ನ ಎದೆ ಧಸಕ್ಕೆನ್ನುತ್ತದೆ. ಗಂಡನಿಗೆ ಗ್ರೀನ್ ಕಾರ್ಡ್ ಬಂದು, ಹೆಂಡತಿ ಇನ್ನೂ ಎಚ್-1ಬಿಯಲ್ಲೇ ಇದ್ದರೆ ಗನ್ ಸೇಫಿನ ನಂಬರು ಗಂಡನೊಬ್ಬನಿಗೇ ಗೊತ್ತಿರಲಿ. ಗ್ರೀನ್ ಕಾರ್ಡ್ ಇದ್ದವರೂ ಮೈಮರೆಯುವಂತಿಲ್ಲ: ಬಂದೂಕಿನ ಅಪರಾಧ ಸಾಬೀತಾದರೆ ಗಡೀಪಾರು ಮಾಡಲು ಅದೊಂದೇ ಕಾರಣ ಸಾಕು. ಇಲ್ಲಿ ಹುಟ್ಟಿದವರು ಶಿಕ್ಷೆ ಅನುಭವಿಸಿ ತಮ್ಮ ಮನೆಗೆ ಮರಳುತ್ತಾರೆ. ನಾವು ಮನೆ, ಕೆಲಸ, ಮಕ್ಕಳ ಶಾಲೆ ಎಲ್ಲ ಬಿಟ್ಟು ದೇಶದಿಂದಲೇ ಹೊರಡಬೇಕಾದೀತು. ಇಷ್ಟು ಒತ್ತಿ ಹೇಳುತ್ತಿರುವುದು ಅದಕ್ಕೇ.

ದಾರಿಯ ರಾಜ್ಯಗಳ ವಿಷಯಕ್ಕೆ 1986ರ ಒಂದು ಫೆಡರಲ್ ಕಾನೂನು ನೆರವಿಗಿದೆ. ಹೊರಡುವ ಊರಲ್ಲೂ ತಲುಪುವ ಊರಲ್ಲೂ ಆ ಗನ್ ನಿಮಗೆ ಕಾನೂನುಬದ್ಧವಾಗಿದ್ದರೆ, ನಡುವಿನ ರಾಜ್ಯಗಳನ್ನು ದಾಟಬಹುದು. ಗನ್ನಿನಲ್ಲಿ ಗುಂಡು ಇರಬಾರದು. ಕೂತಲ್ಲಿಂದ ಗನ್ನಾಗಲಿ ಗುಂಡಾಗಲಿ ಕೈಗೆ ಸಿಗಬಾರದು. ಡಿಕ್ಕಿ ಬೇರೆಯಾಗಿಲ್ಲದ ಎಸ್‌ಯುವಿ, ಮಿನಿವ್ಯಾನ್‌ಗಳಲ್ಲಿ ಬೀಗ ಹಾಕಿದ ಪೆಟ್ಟಿಗೆ ಬೇಕು. ಗ್ಲೋವ್ ಬಾಕ್ಸ್, ಸೀಟುಗಳ ನಡುವಿನ ಕನ್ಸೋಲ್ ಲೆಕ್ಕಕ್ಕಿಲ್ಲ, ಅವಕ್ಕೆ ಬೀಗ ಇದ್ದರೂ ಸರಿಯೇ. ನಾನು ಗಟ್ಟಿ ಪ್ಲಾಸ್ಟಿಕ್ ಪೆಟ್ಟಿಗೆಗೆ ಎರಡು ಕಡೆ ಬೀಗ ಹಾಕಿ, ಗುಂಡನ್ನು ಬೇರೆ ಬೀಗದ ಡಬ್ಬಿಯಲ್ಲಿಟ್ಟು, ಎರಡನ್ನೂ ತೀರಾ ಹಿಂದೆ, ಹೊದಿಕೆಗಳ ಮೂಟೆಯ ಕೆಳಗೆ ಸೇರಿಸಿದ್ದೆ. ಗನ್ ಕೊಂಡ ರಸೀದಿಯೂ ಹೊಸ ಮನೆಯ ಬಾಡಿಗೆ ಕರಾರಿನ ಪ್ರತಿಯೂ ಫೈಲಿನಲ್ಲಿದ್ದವು. ಈ ರಕ್ಷಣೆ ಸಾಗುವ ದಾರಿಗಷ್ಟೇ. ನಡುವೆ ನೆಂಟರ ಮನೆಯಲ್ಲಿ ನಾಲ್ಕು ದಿನ ಇದ್ದು ಹೋಗುವ ಯೋಜನೆ ಇದ್ದರೆ ಕೈಬಿಡಿ.

ಇನ್ನೊಂದು ರಾಜ್ಯದ ಪರ್ಮಿಟ್ ನಂಬಿದರೆ ಏನಾಗುತ್ತದೆ ಎನ್ನುವುದಕ್ಕೆ 2013ರ ಪ್ರಕರಣ ನೋಡಿ. ಪೆನ್ಸಿಲ್ವೇನಿಯಾದ ಪರ್ಮಿಟ್ ಇದ್ದ ಒಬ್ಬ ತಾಯಿಯ ಕಾರನ್ನು ನ್ಯೂಜೆರ್ಸಿಯಲ್ಲಿ ಪೊಲೀಸರು ಸಣ್ಣ ಟ್ರಾಫಿಕ್ ಕಾರಣಕ್ಕೆ ನಿಲ್ಲಿಸಿದರು. ಗನ್ ಇದೆ, ಪರ್ಮಿಟ್ಟೂ ಇದೆ ಎಂದು ಅವರೇ ಹೇಳಿದರು, ಅಲ್ಲೇ ಬಂಧನವಾಯಿತು. ಪ್ರಾಮಾಣಿಕತೆ ಅವರನ್ನು ಉಳಿಸಲಿಲ್ಲ. ಕೊನೆಗೆ 2015ರಲ್ಲಿ ಗವರ್ನರ್ ಕ್ರಿಸ್ ಕ್ರಿಸ್ಟಿ ಕ್ಷಮಾದಾನ ಕೊಟ್ಟರು.

ಇನ್ನು ಟೆಕ್ಸಾಸಿನಲ್ಲೇ ಬಿಟ್ಟು ಬರಬೇಕಾದದ್ದು: 10ಕ್ಕಿಂತ ಹೆಚ್ಚು ಗುಂಡು ಹಿಡಿಯುವ ಮ್ಯಾಗಜೀನ್‌ಗಳು. ನ್ಯೂಜೆರ್ಸಿಯ 2018ರ ಕಾನೂನು ಇದಕ್ಕೆ ಅವಕಾಶ ಕೊಡುವುದಿಲ್ಲ. ಟೆಕ್ಸಾಸಿನಲ್ಲಿ ಎಲ್ಲರೂ ಬಳಸುವ ಹಾಲೋ ಪಾಯಿಂಟ್ (ತುದಿ ಟೊಳ್ಳಾದ) ಗುಂಡನ್ನು ಮನೆಯಲ್ಲಿ ಇಟ್ಟುಕೊಳ್ಳಬಹುದು, ಸೊಂಟದ ಗನ್ನಿನಲ್ಲಿ ತುಂಬಿಕೊಂಡು ಓಡಾಡುವಂತಿಲ್ಲ. ಮಗನ ಏರ್ ಗನ್ನನ್ನು ಮರೆಯಬೇಡಿ. ಇಲ್ಲಿ ಅದೂ ಬಂದೂಕೇ.

ಬಂದು ಇಳಿದ ಮೇಲೆ 60 ದಿನದೊಳಗೆ ನ್ಯೂಜೆರ್ಸಿಯ ಫೈರ್‌ಆರ್ಮ್ಸ್ ಐಡಿ ಕಾರ್ಡಿಗೆ ಅರ್ಜಿ ಹಾಕಿ ಪಡೆಯಬೇಕು, ಜೊತೆಗೆ ತಂದ ಹ್ಯಾಂಡ್‌ಗನ್‌ಗಳನ್ನು ನೋಂದಾಯಿಸಬೇಕು. ಇದು 2022ರಲ್ಲಿ ಬಂದ ನಿಯಮ. ಕ್ಯಾಲಿಫೋರ್ನಿಯಾಕ್ಕೆ ಹೋದವರಿಗೂ ವರದಿ ಮಾಡಲು 60 ದಿನವೇ. ಕ್ಯಾರಿ ಪರ್ಮಿಟ್ ಬೇರೆಯೇ ಕಥೆ: 200 ಡಾಲರ್ ಶುಲ್ಕ, ತರಬೇತಿ, ಮೇಲೆ ನಿಮ್ಮನ್ನು ಮೂರು ವರ್ಷದಿಂದಾದರೂ ಬಲ್ಲ, ನೆಂಟರಲ್ಲದ ನಾಲ್ವರ ಹೆಸರು. ಹೊಸದಾಗಿ ಬಂದವರಿಗೆ ಕಷ್ಟವಾಗುವುದು ಈ ಕೊನೆಯದ್ದೇ, ಆದ್ದರಿಂದ ಯಾರನ್ನು ಕೇಳಬೇಕೆಂದು ಹೊರಡುವ ಮೊದಲೇ ಯೋಚಿಸಿಡಿ. ಪರ್ಮಿಟ್ ಕೈಗೆ ಬರುವ ತನಕ ಗನ್ ಮನೆಯ ಸೇಫಿನಲ್ಲೇ ಇರಲಿ.

ಟೆಕ್ಸಾಸಿನಂಥ ರಾಜ್ಯಕ್ಕೆ ಹೋಗುವವರಿಗೂ ಒಂದು ಮಾತು. ಅಲ್ಲಿ 2021ರಿಂದ ಪರ್ಮಿಟ್ ಇಲ್ಲದೆಯೇ ಕ್ಯಾರಿ ಮಾಡಬಹುದು. 2024ರ ಹೊತ್ತಿಗೆ ಅಂಥ ರಾಜ್ಯಗಳು 29 ಆದವು. ಹಾಗಿದ್ದೂ ಆ ರಾಜ್ಯದ ಲೈಸೆನ್ಸ್ ಮಾಡಿಸಿಕೊಳ್ಳಿ ಎನ್ನುತ್ತೇನೆ. ಶಾಲೆಯ ಸುತ್ತ 1000 ಅಡಿಯೊಳಗೆ ಗನ್ ಒಯ್ಯುವುದನ್ನು ಫೆಡರಲ್ ಕಾನೂನು ತಡೆಯುತ್ತದೆ, ಮತ್ತು ಆ ಶಾಲೆ ಇರುವ ರಾಜ್ಯವೇ ಕೊಟ್ಟ ಲೈಸೆನ್ಸ್ ಇದ್ದವರಿಗೆ ಅದರಿಂದ ವಿನಾಯಿತಿ. ದಿನಾ ಮಕ್ಕಳನ್ನು ಬಿಟ್ಟು ಬರುವ ದಾರಿ ಅದೇ ಅಲ್ಲವೇ? ಅಂಗಡಿ ಬಾಗಿಲ ಫಲಕಗಳನ್ನೂ ಓದಿ: ಟೆಕ್ಸಾಸಿನಲ್ಲಿ 30.06 (ಅಲ್ಲಿನ ದಂಡ ಸಂಹಿತೆಯ ಕಲಂ) ಎಂದಿದ್ದರೆ ಮುಚ್ಚಿಟ್ಟ ಗನ್ನೂ ಒಳಗೆ ಬರುವಂತಿಲ್ಲ, ಆದಾಯದ ಬಹುಪಾಲು ಮದ್ಯದಿಂದಲೇ ಎಂದು ಸೂಚಿಸುವ ಕೆಂಪು 51% ಫಲಕವಿರುವ ಬಾರುಗಳಿಗೂ ಹಾಗೆಯೇ. ಪೋಸ್ಟ್ ಆಫೀಸಿಗೆ ಯಾವ ರಾಜ್ಯದಲ್ಲೂ ಒಯ್ಯಬೇಡಿ, ಅದರ ಪಾರ್ಕಿಂಗಿಗೂ ಬೇಡ. ಪೊಲೀಸರು ನಿಲ್ಲಿಸಿದರೆ ಮಿಷಿಗನ್‌ನಂಥ ಕಡೆ ಗನ್ ಇದೆ ಎಂದು ತಕ್ಷಣ ತಿಳಿಸಲೇಬೇಕು. ಎಲ್ಲ ಕಡೆ ಹಾಗಿಲ್ಲ. ಹೋಗುವ ರಾಜ್ಯದ ಪೊಲೀಸ್ ಇಲಾಖೆಯ ಜಾಲತಾಣದಲ್ಲಿ ಇದನ್ನು ಮೊದಲು ಹುಡುಕಿ.

ಗನ್ ಇಲ್ಲದವರೂ ಕೀಗೊಂಚಲು ನೋಡಿಕೊಳ್ಳಿ. ಮಗಳ ಕೈಗೆ ಕೊಟ್ಟಿರುವ ಪೆಪ್ಪರ್ ಸ್ಪ್ರೇ ನ್ಯೂಜೆರ್ಸಿಯಲ್ಲಿ ಮುಕ್ಕಾಲು ಔನ್ಸ್ ಮೀರುವಂತಿಲ್ಲ, ಕ್ಯಾಲಿಫೋರ್ನಿಯಾದಲ್ಲಿ 2.5 ಔನ್ಸ್ ತನಕ ಸರಿ. ಅಳತೆ ಡಬ್ಬಿಯ ಮೇಲೆಯೇ ಇರುತ್ತದೆ.