ಹಾಯಿದೋಣಿ ಹತ್ತುವ ಮೊದಲು ಗಾಳಿ ನೋಡಿ

ನಾನು ಹಿರಿಯೂರು ಕಡೆಯವಳು. ನಮಗೆ ದೊಡ್ಡ ನೀರು ಅಂದರೆ ಮಾರಿಕಣಿವೆ ಡ್ಯಾಮು. ಅದೂ 1933 ಆದಮೇಲೆ ಮತ್ತೆ ಕೋಡಿ ಬೀಳಲು 2022 ಬರಬೇಕಾಯಿತು. ನನಗೆ ಈಜು ಬರುವುದಿಲ್ಲ. ಅಂಥವಳು ನಲವತ್ತಾರನೇ ವಯಸ್ಸಿನಲ್ಲಿ, ಮಾಟುಂಗಾದ ತಂಗಿ ಮನೆಗೆ ಎರಡು ದಿನಕ್ಕೆಂದು ಹೋದವಳು, ಮುಂಬೈ ಸಮುದ್ರದಲ್ಲಿ ಹಾಯಿದೋಣಿ ನಡೆಸಿ ಬಂದೆ. ನೀವೂ ಹೋಗುವುದಾದರೆ ನನ್ನ ತಪ್ಪುಗಳನ್ನು ಮೊದಲೇ ತಿಳಿದುಕೊಂಡು ಹೋಗಿ.

ಮೊದಲ ತಪ್ಪು, ಬಿಸಿಲು ತಪ್ಪಿಸಲು ಶನಿವಾರ ಬೆಳಿಗ್ಗೆ ಒಂಬತ್ತೂವರೆಗೆ ಬುಕ್ ಮಾಡಿದ್ದು. ಹಾಯಿ ಒಣಗಲು ಹಾಕಿದ ಪಂಚೆ ತರ ಸುಮ್ನೆ ನೇತಾಡಿತು. ನೆಲ ಚೆನ್ನಾಗಿ ಕಾದು, ಅದರ ಮೇಲಿನ ಗಾಳಿ ಮೇಲಕ್ಕೆ ಹೋದಾಗಲೇ ಸಮುದ್ರದ ಕಡೆಯಿಂದ ತಂಪು ಗಾಳಿ ಒಳಗೆ ಬರುವುದು. ಅದಕ್ಕೇ ಮಧ್ಯಾಹ್ನ ಮೂರರ ಮೇಲೆ ಬುಕ್ ಮಾಡಿ. ನಾನು ಅದೇ ದಿನ ಮತ್ತೆ ಮೂರೂವರೆಗೆ ಹೋದೆ. ಅಂದಹಾಗೆ, ಇದೆಲ್ಲ ಅಕ್ಟೋಬರಿನಿಂದ ಮೇವರೆಗಿನ ಮಾತು. ಮಳೆಗಾಲದಲ್ಲಿ ಆ ಕಡೆ ಯೋಚನೆಯೇ ಬೇಡ.

ಗೇಟ್‌ವೇ ಆಫ್ ಇಂಡಿಯಾದ ಮೆಟ್ಟಿಲಿನಿಂದ ಸಣ್ಣ ಮೋಟಾರು ದೋಣಿಯಲ್ಲಿ ಕರೆದುಕೊಂಡು ಹೋಗುತ್ತಾರೆ. ನೀರು ಇಳಿದಾಗ ಕೆಳಗಿನ ಮೆಟ್ಟಿಲೆಲ್ಲ ಪಾಚಿ. ಹೊಸ ಚಪ್ಪಲಿ ಹಾಕಿ ಶೋಕಿ ಮಾಡಲು ಹೋಗಿ ಅಲ್ಲೇ ಜಾರಿದೆ. ಹಳೇ ಶೂ ಸಾಕು. ಸೀರೆ, ದುಪಟ್ಟಾ ಬೇಡ. ಕನ್ನಡಕಕ್ಕೆ ದಾರ ಕಟ್ಟಿ. ಲೈಫ್ ಜಾಕೆಟ್ಟಿನ ಎಲ್ಲ ಬಕಲ್ಲೂ ಹಾಕಿ, ನಾಚಿಕೆ ಬೇಡ. ಊಟ ಮಿತವಾಗಿರಲಿ. ಬಸ್ಸಿನಲ್ಲಿ ವಾಂತಿಯಾಗುವವರು ಡಾಕ್ಟರನ್ನು ಕೇಳಿ ಮಾತ್ರೆಯನ್ನು ಮೊದಲೇ ನುಂಗಿರಬೇಕು. ತಲೆ ಸುತ್ತಿದರೆ ಮೊಬೈಲ್ ನೋಡಬೇಡಿ, ದೂರದ ನೀರಿನ ಅಂಚು ನೋಡಿ.

ನಮ್ಮದು ಜೆ-24 ಅನ್ನುವ ದೋಣಿ, 24 ಅಡಿ ಉದ್ದ. ಮಗುಚಿದರೆ ಏನು ಗತಿ ಎಂದು ಕೇಳಿದೆ. ಅಡಿಯಲ್ಲಿ ನಾಲ್ಕು ಕ್ವಿಂಟಾಲಿಗೂ ಜಾಸ್ತಿ ಸೀಸ ಇದೆ, ವಾಲಿದರೂ ಅದೇ ಎಳೆದು ನಿಲ್ಲಿಸುತ್ತದೆ ಎಂದ ಕಲಿಸುವ ಹುಡುಗ. ಕ್ವಿಂಟಾಲ್ ಲೆಕ್ಕ ನನಗೆ ಗೊತ್ತಾಗುತ್ತದೆ. ಸ್ವಲ್ಪ ಧೈರ್ಯ ಬಂತು.

ಆಮೇಲೆ ಅವನು ಕೇಳಿದ್ದು ಒಂದೇ ಪ್ರಶ್ನೆ: ಗಾಳಿ ಎಲ್ಲಿಂದ? ಕಣದಲ್ಲಿ ರಾಗಿ ತೂರುವ ಮುಂಚೆ ನಮ್ಮಪ್ಪ ಒಂದು ಚಿಟಿಕೆ ಹೊಟ್ಟು ಮೇಲಕ್ಕೆ ಬಿಟ್ಟು ನೋಡುತ್ತಿದ್ದರು. ದೋಣಿಯಲ್ಲಿ ಹೊಟ್ಟು ಎಲ್ಲಿಂದ ತರೋಣ? ಕಿವಿ ಇದೆಯಲ್ಲ. ಮುಖವನ್ನು ನಿಧಾನಕ್ಕೆ ತಿರುಗಿಸಿ. ಎರಡೂ ಕಿವಿಗೆ ಒಂದೇ ಸಮ ಸದ್ದು ಬಂತೆಂದರೆ ಗಾಳಿ ಎದುರಿಗಿದೆ. ನಾನು ಕಣ್ಣು ಮುಚ್ಚಿ ತಿರುಗಿ ಬೆರಳು ತೋರಿಸಿದೆ. ಹುಡುಗ ಹಾಯಿಕಂಬದ ತುದಿಯ ಪುಟ್ಟ ಬಾಣ ನೋಡಿ ತಲೆಯಾಡಿಸಿದ.

ಆ ಗಾಳಿಗೆ ನೇರ ಎದುರಾಗಿ ಹಾಯಿದೋಣಿ ಹೋಗುವುದಿಲ್ಲ. ಗಾಳಿಯಿಂದ ಸುಮಾರು 45 ಡಿಗ್ರಿ ಓರೆಯಾಗಿ ಸ್ವಲ್ಪ ದೂರ ಹೋಗಿ, ತಿರುಗಿಸಿ, ಇನ್ನೊಂದು ಕಡೆ ಓರೆಯಾಗಿ ಹೋಗಬೇಕು. ಹೇರಿದ ಗಾಡಿಯನ್ನು ಏರಿನಲ್ಲಿ ಅಡ್ಡಡ್ಡ ಹೊಡೆಯುತ್ತಾರಲ್ಲ, ಹಾಗೆ. ಇದಕ್ಕೆ ಟ್ಯಾಕಿಂಗ್ ಅನ್ನುತ್ತಾರೆ. ಹೀಗೆ ತಿರುಗುವಾಗ ಹಾಯಿಯ ಕೆಳಗಿನ ಅಡ್ಡಕೋಲು, ಅದೇ ಬೂಮ್, ಈ ಕಡೆಯಿಂದ ಆ ಕಡೆಗೆ ರಪ್ಪಂತ ಬರುತ್ತದೆ. ಕೂಗು ಕೇಳಿದ ಕೂಡಲೇ ತಲೆ ಬಗ್ಗಿಸಿ. ನನ್ನ ತಲೆ ಉಳಿಯಿತು, ಟೋಪಿ ಹೋಯಿತು.

ಚುಕ್ಕಾಣಿಯ ಹಿಡಿಯನ್ನು ಎಡಕ್ಕೆ ತಳ್ಳಿದರೆ ದೋಣಿ ಬಲಕ್ಕೆ ತಿರುಗುತ್ತದೆ. ಸ್ಕೂಟಿ ಓಡಿಸುವವರಿಗೆ ಇದು ಹಿಂಸೆ, ಒಂದು ಹತ್ತು ನಿಮಿಷ ಬೇಕು. ಹಾಯಿ ಪಟಪಟ ಬಡಿದುಕೊಂಡರೆ ಹಗ್ಗವನ್ನು ಬಡಿತ ನಿಲ್ಲುವವರೆಗೆ ಎಳೆಯಿರಿ, ಅಷ್ಟೇ. ಅದಕ್ಕಿಂತ ಎಳೆದರೆ ದೋಣಿ ಸುಮ್ನೆ ವಾಲುತ್ತದೆ, ವೇಗ ಬರುವುದಿಲ್ಲ. ಜಾಸ್ತಿ ವಾಲಿತು, ಭಯವಾಯಿತು ಅಂದರೆ ಹಗ್ಗ ಸಡಿಲ ಬಿಡಿ. ನನಗೆ ಬುದ್ಧಿ ಓಡಲಿಲ್ಲ. "ಛೋಡೋ ಮೇಡಂ, ಛೋಡೋ!" ಎಂದು ಅವನು ಕೂಗುತ್ತಿದ್ದಾನೆ, ನಾನು ಹಲ್ಲು ಕಚ್ಚಿಕೊಂಡು ಎಮ್ಮೆ ಹಗ್ಗ ಹಿಡಿದ ಹಾಗೆ ಹಿಡಿದಿದ್ದೇನೆ. ಕೊನೆಗೆ ಅದು ಕೈಯೊಳಗೇ ಸರ್ರಂತ ಓಡಿ ಅಂಗೈ ಸುಲಿಯಿತು. ತೋಟದ ಕೆಲಸದ ಕೈಗವಸು ಇದ್ದರೆ ಒಯ್ಯಿರಿ. ರಾತ್ರಿ ತಂಗಿ ಬಡಿಸಿದ ಬಿಸಿ ಸಾರನ್ನವನ್ನು ಚಮಚದಲ್ಲಿ ತಿಂದೆ.

ಭಾನುವಾರಕ್ಕೆ ಎಲಿಫೆಂಟಾ ಇಟ್ಟುಕೊಳ್ಳಿ. ಸೋಮವಾರ ಗುಹೆಗೆ ರಜೆ. ಅದೇ ಗೇಟ್‌ವೇಯಿಂದ ಲಾಂಚಿನಲ್ಲಿ ಸುಮಾರು ಒಂದು ಗಂಟೆ ದಾರಿ. ಮೂರು ಮುಖದ ಶಿವನನ್ನು ಅವಸರ ಮಾಡದೆ ನೋಡಿ. ಲಾಂಚಿಗೆ ಎಂಜಿನ್ ಇದೆ, ಗಾಳಿಯ ಹಂಗಿಲ್ಲ. ವಾಪಸ್ ಬರುವಾಗ ನಾನು ಕತ್ತು ಆ ಕಡೆ ಈ ಕಡೆ ತಿರುಗಿಸುತ್ತಾ ಕೂತಿದ್ದೆ.

"ಕತ್ತು ಹಿಡ್ಕೊಂಡಿದೆಯೇನೆ ಅಕ್ಕಾ?" ಅಂದಳು ತಂಗಿ.

"ಇಲ್ಲ ಕಣೇ, ಗಾಳಿ ಎಡಗಿವಿಗೆ ಬಂತು ನೋಡು."