ಹನ್ನೆರಡರ ಎಣಿಕೆ ಕಾಲಿಗಿಳಿದ ದಿನ

ಕಳೆದ ಶನಿವಾರ ಮಧ್ಯಾಹ್ನ ಗೆಳತಿಯ ಹುಟ್ಟುಹಬ್ಬ, ಸಂಜೆ ಸಹೋದ್ಯೋಗಿಯೊಬ್ಬರ ಬೀಳ್ಕೊಡುಗೆ, ರಾತ್ರಿ ಬ್ಲೂಸ್ ಎಂಬ ಅಮೆರಿಕದ ಸಂಗೀತದ ಕಛೇರಿ. ಮೂರಕ್ಕೂ ಹೋದೆ, ಕೊನೆಯ ಹಾಡಿನ ತನಕ ಕುಣಿದೆ. ಮೂರು ವರ್ಷಗಳ ಹಿಂದೆ ಇಂಥದೇ ದಿನವೊಂದು ನನ್ನ ಕೈತಪ್ಪಿ ಹೋಗಿತ್ತು. ವಾದ್ಯಗಳನ್ನು ಶ್ರುತಿ ಮಾಡಿಕೊಳ್ಳುವ ಹೊತ್ತಿಗಾಗಲೇ ನನ್ನ ಗಂಟಲು ಕಟ್ಟಿತ್ತು, ಕಾಲು ಸೋತಿತ್ತು. ವಿರಾಮದಲ್ಲಿ ಎದ್ದು ಹೊರಗೆ ಬಂದೆ. ಬೀದಿಯಲ್ಲಿ ನಿಂತಿದ್ದಾಗ ಒಳಗೆ ಎರಡನೆಯ ಭಾಗ ಶುರುವಾಯಿತು. ಮೌತ್ ಆರ್ಗನ್ನಿನ ಒಂದು ದೀರ್ಘ ಸ್ವರ ಬಾಗಿಲ ಸಂದಿಯಿಂದ ತೇಲಿ ಬಂತು. ಆ ಸ್ವರ ಬಹಳ ದಿನ ನನ್ನನ್ನು ಕಾಡಿತು. ಮುಂದೆ ನಾನು ಕಲಿತದ್ದೆಲ್ಲ ಅದರ ಒತ್ತಾಯದಿಂದಲೇ.

ಮೊದಲು ಪಾರ್ಟಿಗಳ ಮಾತು. ಈಗ ನಾನು ಎಲ್ಲರಿಗಿಂತ ಮುಂಚೆ ಹೋಗುತ್ತೇನೆ. ಹತ್ತಿಪ್ಪತ್ತು ಜನ ಸೇರುವ ಮೊದಲು ಮನೆಯವರ ಕೈ ಬಿಡುವಾಗಿರುವುದಿಲ್ಲ, ಆದರೆ ಮನಸ್ಸು ಬಿಡುವಾಗಿರುತ್ತದೆ. ಕುರ್ಚಿ ಸರಿಸುತ್ತಾ, ಲೋಟ ಜೋಡಿಸುತ್ತಾ ಆಡುವ ಮಾತಿನಲ್ಲಿ ಇರುವ ಆಪ್ತತೆ ಆಮೇಲಿನ ಗದ್ದಲದಲ್ಲಿ ಸಿಗುವುದಿಲ್ಲ. ಹುಟ್ಟುಹಬ್ಬದ ಗೆಳತಿಯೊಂದಿಗೆ ನಾನು ಮನಬಿಚ್ಚಿ ಮಾತನಾಡಿದ್ದು ಬಲೂನು ಕಟ್ಟುವಾಗಲೇ. ಹೊರಡುವ ಹೊತ್ತನ್ನೂ ಬಂದ ಕೂಡಲೇ ಹೇಳಿಬಿಡುತ್ತೇನೆ. ಆಗ ಎದ್ದು ನಿಂತಾಗ ಯಾರಿಗೂ ಬೇಸರವಾಗುವುದಿಲ್ಲ. ಎಲ್ಲರನ್ನೂ ಮಾತನಾಡಿಸಿ ಬರಬೇಕೆಂಬ ಹಟವನ್ನು ಬಿಟ್ಟಿದ್ದೇನೆ. ಇಬ್ಬರೋ ಮೂವರೋ ಸಾಕು, ಅವರೊಂದಿಗೆ ಸಾವಧಾನವಾಗಿ ಕೂರಬೇಕು. ಸ್ಪೀಕರಿನ ಪಕ್ಕದಲ್ಲಿ ನಿಂತು ಕೂಗಿ ಮಾತನಾಡಿದರೆ ಒಂದು ಗಂಟೆಯಲ್ಲಿ ದನಿ ಹೋಗುತ್ತದೆ. ಮಾತು ಆಡುವುದಿದ್ದರೆ ಬಾಲ್ಕನಿಗೋ ಅಡುಗೆಮನೆಗೋ ಹೋಗುತ್ತೇನೆ. ಬೀಳ್ಕೊಡುಗೆಯಲ್ಲಿ ಮುಕ್ಕಾಲು ಗಂಟೆಯಷ್ಟೇ ಇದ್ದೆ. ಹೊರಡುವವರ ಕೈ ಹಿಡಿದು ಹೇಳಬೇಕಾದದ್ದನ್ನು ಹೇಳಿದೆ, ಬಂದೆ.

ಬ್ಲೂಸ್‌ಗೂ ಪಾರ್ಟಿಗೂ ಹಳೆಯ ನಂಟು. ಅಮೆರಿಕದ ದಕ್ಷಿಣದಲ್ಲಿ, ಮಿಸಿಸಿಪ್ಪಿಯಂಥ ಕಡೆ ಹತ್ತಿಯ ಹೊಲಗಳಲ್ಲಿ ವಾರವಿಡೀ ದುಡಿದ ಕಪ್ಪು ಜನ ಶನಿವಾರ ರಾತ್ರಿ ಮರದ ಹಲಗೆಯ ಸಣ್ಣ ಕುಣಿತದ ಮನೆಗಳಲ್ಲಿ ಸೇರುತ್ತಿದ್ದರು. ಅವಕ್ಕೆ ಜೂಕ್ ಜಾಯಿಂಟ್ ಎಂದು ಹೆಸರು. ಉತ್ತರದ ನಗರಗಳಿಗೆ ಗುಳೆ ಹೋದ ಮೇಲೆ, 1920ರ ದಶಕದಲ್ಲಿ, ಬಾಡಿಗೆ ಕಟ್ಟಲಾಗದವರು ತಮ್ಮ ಮನೆಯಲ್ಲೇ ಪಿಯಾನೋ ನುಡಿಸುವವರನ್ನು ಕರೆಸಿ, ಬಂದವರಿಂದ ಸ್ವಲ್ಪ ಹಣ ಪಡೆದು ರಾತ್ರಿಯಿಡೀ ಕುಣಿಸುತ್ತಿದ್ದರು. 1943ರಲ್ಲಿ ಷಿಕಾಗೋಗೆ ಬಂದ ಬ್ಲೂಸ್ ಗಾಯಕ ಮಡ್ಡಿ ವಾಟರ್ಸ್ ವಿದ್ಯುತ್ ಗಿಟಾರ್ ಹಿಡಿದದ್ದೂ ಪಾನಗೃಹಗಳ ಗದ್ದಲದಲ್ಲಿ ಬರಿಯ ತಂತಿಯ ನಾದ ಕೇಳಿಸದೇ ಹೋದ ಕಾರಣಕ್ಕೆ. ಇದನ್ನು ತಿಳಿದ ಮೇಲೆ ಕುರ್ಚಿಯಲ್ಲಿ ಕೂತು ಬ್ಲೂಸ್ ಕೇಳಲು ನನಗೆ ಮನಸ್ಸೇ ಬರುವುದಿಲ್ಲ. ಇದು ಜನರ ನಡುವೆ, ಕುಣಿಯುವವರ ಎದುರಿಗೆ ಬೆಳೆದ ಸಂಗೀತ.

ಆದರೆ ಕುಣಿಯುವುದು ಹೇಗೆ? ಮೊದಮೊದಲು ನಾನು ಹೆಜ್ಜೆಗಳನ್ನು ಹುಡುಕಿದೆ. ಅದು ತಪ್ಪು ದಾರಿ. ಎಣಿಕೆಯನ್ನು ಹಿಡಿದ ಮೇಲೆ ಹೆಜ್ಜೆ ತಾನಾಗಿ ಬಂತು. ಬ್ಲೂಸ್‌ನ ಅತ್ಯಂತ ಪರಿಚಿತ ಕಟ್ಟು ಹನ್ನೆರಡು ಬಾರ್‌ಗಳದ್ದು. ಒಂದು ಬಾರ್ ಎಂದರೆ ನಾಲ್ಕು ಎಣಿಕೆ, ಒಟ್ಟು ನಲವತ್ತೆಂಟು. ಸ್ವರದ ಲೆಕ್ಕದಲ್ಲಿ ಹೇಳುವುದಾದರೆ ಮೊದಲ ನಾಲ್ಕು ಬಾರ್ ಷಡ್ಜದ ಮೇಲೆ ಕಟ್ಟಿದ ಸ್ವರಮೇಳ, ಅಂದರೆ ಒಟ್ಟಿಗೆ ನುಡಿಯುವ ಸ್ವರಗಳ ಗುಂಪು. ಐದು, ಆರರಲ್ಲಿ ಅದು ಮಧ್ಯಮಕ್ಕೆ ಏರುತ್ತದೆ. ಏಳು, ಎಂಟರಲ್ಲಿ ಷಡ್ಜಕ್ಕೆ ಮರಳುತ್ತದೆ. ಒಂಬತ್ತರಲ್ಲಿ ಪಂಚಮ, ಹತ್ತರಲ್ಲಿ ಮಧ್ಯಮ, ಕೊನೆಯ ಎರಡರಲ್ಲಿ ಮತ್ತೆ ಷಡ್ಜ. ಈ ಕೊನೆಯ ಎರಡರಲ್ಲೇ ಗಿಟಾರ್ ಒಂದು ಸಣ್ಣ ತಿರುವು ತೆಗೆದುಕೊಂಡು ಮುಂದಿನ ಸುತ್ತಿಗೆ ಬಾಗಿಲು ತೆರೆಯುತ್ತದೆ. ಸಾಹಿತ್ಯವೂ ಹಾಗೆಯೇ: ಒಂದು ಸಾಲು, ಅದೇ ಸಾಲು ಮತ್ತೊಮ್ಮೆ, ಮೂರನೆಯದು ಅದಕ್ಕೆ ಉತ್ತರ. ಗಾಯಕ ಸಾಲು ಮುಗಿಸಿ ಬಿಟ್ಟ ಜಾಗವನ್ನು ಗಿಟಾರೋ ಮೌತ್ ಆರ್ಗನ್ನೋ ತುಂಬುತ್ತದೆ. ಪಾತ್ರೆ ತೊಳೆಯುತ್ತಾ, ಬಸ್ಸಿನಲ್ಲಿ ಕೂತು, ಬೆರಳ ಮೇಲೆ ಇದನ್ನು ಎಣಿಸಿದೆ. ಎರಡು ತಿಂಗಳಾದ ಮೇಲೆ ಬೆರಳು ಬೇಕಾಗಲಿಲ್ಲ. ಐದನೆಯ ಬಾರ್ ಬರುವ ಮುನ್ನವೇ ಮೈ ಎದ್ದು ನಿಲ್ಲತೊಡಗಿತು.

ಈಗ ಗಾಯಕ ಹಾಡುವಾಗ ನಾನು ಚಿಕ್ಕದಾಗಿ, ಇದ್ದಲ್ಲೇ ಕುಣಿಯುತ್ತೇನೆ. ವಾದ್ಯ ಉತ್ತರಿಸುವಾಗ ಜಾಗ ಬದಲಿಸುತ್ತೇನೆ. ಮೊಣಕಾಲು ಸ್ವಲ್ಪ ಬಗ್ಗಿರಬೇಕು, ಭಾರ ನೆಲಕ್ಕೆ ಇಳಿಯಬೇಕು. ನೆಗೆತ ಬೇಡ. ಜೊತೆಗಾರರನ್ನು ಕೇಳಿಯೇ ಕೈ ನೀಡುತ್ತೇನೆ. ಬೇಡ ಎಂದರೆ ನಕ್ಕು ಸರಿಯುತ್ತೇನೆ, ಕಾರಣ ಕೇಳುವುದಿಲ್ಲ. ಕೈ ಹಿಡಿದ ಮೇಲೆ ಅಂಗೈಯನ್ನು ಅದುಮುವುದಿಲ್ಲ; ತಿರುಗಬೇಕೆನ್ನುವುದು ಎದೆಯಿಂದ ತೋಳಿಗೆ, ತೋಳಿನಿಂದ ಅಂಗೈಗೆ ಹರಿದರೆ ಎದುರಿನವರಿಗೆ ತಿಳಿಯುತ್ತದೆ. ಪಾದರಕ್ಷೆಯ ವಿಷಯ ಒಂದು ಖಂಡಿತ ಹೇಳಬೇಕು. ರಬ್ಬರ್ ಅಡಿಯ ಶೂ ನೆಲವನ್ನು ಕಚ್ಚುತ್ತದೆ. ಒಮ್ಮೆ ಮೈ ತಿರುಗಿತು, ಪಾದ ತಿರುಗಲಿಲ್ಲ, ಮೂರು ವಾರ ಮೊಣಕಾಲು ಹಿಡಿದುಕೊಂಡು ನಡೆದೆ. ಅಂದಿನಿಂದ ಚರ್ಮದ ಅಡಿಯದ್ದನ್ನು ಚೀಲದಲ್ಲಿಟ್ಟುಕೊಂಡು ಹೋಗಿ ಅಲ್ಲಿಯೇ ಹಾಕಿಕೊಳ್ಳುತ್ತೇನೆ. ಜೊತೆಗೆ ಒಂದು ಟವೆಲ್, ನೀರು, ಕಿವಿಗೆ ಪ್ಲಗ್.

ಶನಿವಾರ ವೇದಿಕೆಯಲ್ಲಿ ನಾಲ್ವರಿದ್ದರು: ಗಿಟಾರ್, ಬೇಸ್, ಡ್ರಮ್ಸ್, ಮೌತ್ ಆರ್ಗನ್. ಗಿಟಾರ್‌ನವರ ಕಿರುಬೆರಳಿನಲ್ಲಿ ಗಾಜಿನ ಕೊಳವೆ. ಅದನ್ನು ತಂತಿಯ ಮೇಲೆ ಜಾರಿಸಿದಾಗ ಗಾಂಧಾರ ಕೆಳಗಿನ ಸಾಧಾರಣ ಗಾಂಧಾರವೂ ಆಗದೆ ಮೇಲಿನ ಅಂತರ ಗಾಂಧಾರವೂ ಆಗದೆ ನಡುವೆ ನಿಂತು ನಡುಗಿತು. ಬ್ಲೂಸ್‌ನ ಜೀವ ಅಲ್ಲಿದೆ ಎಂದು ನನಗೆ ಅನಿಸುತ್ತದೆ. ಮೌತ್ ಆರ್ಗನ್ನಿನವರು ಊದುವುದಕ್ಕಿಂತ ಹೆಚ್ಚಾಗಿ ಉಸಿರು ಎಳೆದುಕೊಂಡೇ ಸ್ವರ ಬಾಗಿಸುತ್ತಿದ್ದರು. ಎರಡು ಅಂಗೈಗಳನ್ನು ಬೋಗುಣಿಯಂತೆ ಮುಚ್ಚಿ ತೆರೆದಾಗ ಅದು ಅಳುವ ಮಗುವಿನ ದನಿಯಾಗುತ್ತಿತ್ತು.

ಎರಡನೆಯ ಭಾಗದ ಕೊನೆಯಲ್ಲಿ ನಿಧಾನಗತಿಯ ಹಾಡೊಂದು ಬಂತು. ಅಲ್ಲಿಯವರೆಗೆ ಗೋಡೆಗೊರಗಿ ಭುಜವನ್ನಷ್ಟೇ ಆಡಿಸುತ್ತಿದ್ದ ಹಿರಿಯ ಹೆಂಗಸೊಬ್ಬರು ಬಂದು, "ಒಂದು ಸುತ್ತು ಬರುತ್ತೀರಾ?" ಎಂದರು. ಅವರ ಹೆಜ್ಜೆ ಒಂದು ಚದರಡಿ ದಾಟಲಿಲ್ಲ. ಆದರೆ ಒಂಬತ್ತನೆಯ ಬಾರ್‌ಗೆ ಪಂಚಮ ಬಂದಾಗಲೆಲ್ಲ ಅವರು ಅಲ್ಲಾಡದೆ ನಿಂತುಬಿಡುತ್ತಿದ್ದರು. ಹತ್ತರಲ್ಲಿ ಉಸಿರು ಬಿಟ್ಟು ಇಳಿಯುತ್ತಿದ್ದರು. ಮೂರು ವರ್ಷ ಎಣಿಸಿದ್ದರೂ ಅಲ್ಲಿ ನಿಲ್ಲಬಹುದು ಎಂಬುದು ನನಗೆ ಹೊಳೆದಿರಲಿಲ್ಲ. ನಾನೂ ನಿಂತೆ. ಹನ್ನೊಂದರಲ್ಲಿ ಡ್ರಮ್ಸ್ ಸುಮ್ಮನಾಯಿತು, ಗಿಟಾರ್‌ನವರು ತಿರುವನ್ನು ಒಬ್ಬರೇ ನುಡಿಸಿ, ಬೆರಳಿನಿಂದ ಗಾಜಿನ ಕೊಳವೆ ತೆಗೆದು ಜೇಬಿಗೆ ಹಾಕಿಕೊಂಡರು. ದೀಪ ಹತ್ತಿದಾಗ ನನ್ನ ಎಡಗಾಲು ಮುಂದಿನ ಸುತ್ತಿನ ಒಂದಕ್ಕೆ ಆಗಲೇ ಎದ್ದಿತ್ತು.