ಗುಂಡು ಸಿಕ್ಕಿಕೊಳ್ಳುವ ಪಾಯಿಂಟ್ 22 ರೈಫಲ್‌ಗೆ ನಾನು ಮಾಡಿದ ಮದ್ದು

"ಮ್ಯಾಗಝೀನ್ ಹೋಗ್ಯಾವ ತಮ್ಮಾ, ಸುಮ್ನ ಹೊಸಾವು ತರಸು" ಅಂದಿದ್ದರು ನಮ್ಮ ಹುಬ್ಬಳ್ಳಿ ಕಾಕಾ. ಪುಣೆಯಲ್ಲಿ ಅವರೇ ನಮಗೆಲ್ಲ ಹಿರಿಯ ಮೆಕ್ಯಾನಿಕ್. ಆದರೆ ಹೊರಗಿನಿಂದ ಬರುವ ಮ್ಯಾಗಝೀನ್ (ಗುಂಡು ತುಂಬಿಡುವ ಪೆಟ್ಟಿಗೆ) ಒಂದಕ್ಕೆ ಆಗ ಆರೇಳು ಸಾವಿರ, ಅದೂ ಸಿಕ್ಕರೆ. ಗಿರಾಕಿ ತಂದಿದ್ದು ಮೂರು, ಎಲ್ಲವೂ ಐದು ಗುಂಡಿನವು. ಗುಂಡನ್ನು ಮುಂದೆ ತಳ್ಳುವ ಬೋಲ್ಟ್ ಒಮ್ಮೆ ಗುಂಡಿನ ಮೇಲೆಯೇ ಜಾರಿ ಹೋಗುತ್ತಿತ್ತು, ಚೇಂಬರ್ (ನಳಿಗೆಯ ಹಿಂತುದಿಯಲ್ಲಿ ಗುಂಡು ಕೂರುವ ಜಾಗ) ಖಾಲಿ. ಇನ್ನೊಮ್ಮೆ ಗುಂಡಿನ ಮೂತಿ ಚೇಂಬರಿನ ಕೆಳಗಿನ ಅಂಚಿಗೆ ಬಡಿದು ನಿಲ್ಲುತ್ತಿತ್ತು.

ನಾನು ಮೊದಲು ಮ್ಯಾಗಝೀನ್ ಒಳಗೆ ಗುಂಡನ್ನು ಮೇಲೆ ದೂಡುವ ಸ್ಪ್ರಿಂಗ್ ಹಿಂದೆ ಬಿದ್ದೆ. ಭೋಸರಿಯ ಒಬ್ಬ ಸ್ಪ್ರಿಂಗ್‌ನವನು ನೂರಕ್ಕಿಂತ ಕಮ್ಮಿ ಮಾಡಲ್ಲ ಅಂದ. ಸ್ವಲ್ಪ ಬಿಗಿಯಾದದ್ದನ್ನೇ ಮಾಡಿಸಿದೆ, ಮೂರೂವರೆ ಸಾವಿರದ ಹತ್ತಿರ ಹೋಯಿತು. ರೋಗ ಹಾಗೇ ಇತ್ತು, ಜೊತೆಗೆ ಬೋಲ್ಟ್ ತಳ್ಳಲು ಜಾಸ್ತಿ ಜೋರು ಬೇಕಾಯಿತು. ಮೇಲಿನ ಗುಂಡು ಫೀಡ್ ಲಿಪ್‌ಗೆ (ಮ್ಯಾಗಝೀನ್ ಬಾಯಲ್ಲಿ ಗುಂಡನ್ನು ತಡೆದಿಡುವ ಅಂಚು) ಅಷ್ಟು ಒತ್ತಿಕೊಂಡಿತ್ತು, ಸೀಸ ಕೆರೆದು ಬರುತ್ತಿತ್ತು. ಆ ಸ್ಪ್ರಿಂಗ್‌ಗಳು ಇನ್ನೂ ಡಬ್ಬಿಯಲ್ಲಿವೆ, ಬೇಕಾದವರು ಒಯ್ಯಬಹುದು.

ಆಮೇಲೆ ಲೆಕ್ಕ ಬರೆಯಲು ಕೂತೆ. ಮ್ಯಾಗಝೀನ್‌ಗಳಿಗೆ ನಂಬರ್ ಹಾಕಿದೆ. ಎಷ್ಟನೇ ಗುಂಡು ನಿಂತಿತು, ಎಲ್ಲಿ ನಿಂತಿತು ಅಂತ ಬರೆದೆ. ಯಾವಾಗಲೂ ಕೊನೆಯದೇ ನಿಂತರೆ ಸ್ಪ್ರಿಂಗ್ ಇಲ್ಲವೇ ಫಾಲೋವರ್ (ಸ್ಪ್ರಿಂಗ್ ಮೇಲೆ ಕೂತು ಗುಂಡನ್ನು ಎತ್ತುವ ತಟ್ಟೆ) ನೋಡಿ. ಒಂದೇ ಮ್ಯಾಗಝೀನ್ ಕಾಟ ಕೊಟ್ಟರೆ ಲಿಪ್ ನೋಡಿ. ಇಲ್ಲಿ ಮೂರರಲ್ಲೂ, ಮನಸ್ಸಿಗೆ ಬಂದ ಗುಂಡು. ರಿಮ್ (ಗುಂಡಿನ ಹಿಂಬದಿಯ ಅಗಲ ಅಂಚು) ಒಂದರ ಹಿಂದೊಂದು ಸಿಕ್ಕಿಕೊಂಡಿದೆಯಾ ಅಂತಲೂ ನೋಡಿದೆ. ಮೇಲಿನದರ ರಿಮ್ ಕೆಳಗಿನದರ ಮುಂದೆಯೇ, ಇರಬೇಕಾದ ಹಾಗೇ ಇತ್ತು. ಅದೇ ಮಾಡೆಲ್‌ನ ಬೇರೆ ರೈಫಲ್‌ಗೆ ಹಾಕಿದರೆ ಮೂರರಲ್ಲಿ ಎರಡು ನೀರು ಹರಿದ ಹಾಗೆ ಓಡಿದವು! ಅಂದರೆ ರೋಗ ಇದ್ದದ್ದು ಈ ರೈಫಲ್‌ನಲ್ಲೇ.

ಬೆಂಚಿನ ಮೇಲೆ ಜೀವಂತ ಗುಂಡು ನಾನು ಮುಟ್ಟಲ್ಲ. ರಿಮ್ 7 ಮಿಮೀ ಚಿಲ್ಲರೆ, ಉದ್ದ 25 ಮಿಮೀ ಚಿಲ್ಲರೆ ಇಟ್ಟು ಲೇತ್‌ನಲ್ಲಿ ಹಿತ್ತಾಳೆ ಡಮ್ಮಿ (ಸಿಡಿಯದ ನಕಲಿ ಗುಂಡು) ಮಾಡಿಸಿದ್ದೆ. ಬರೀ ಹಿತ್ತಾಳೆ ಜಾರುವ ರೀತಿಯೇ ಬೇರೆ, ಅದಕ್ಕೆ ಮೂತಿಗೆ ತೆಳ್ಳಗೆ ಮೇಣ ಸವರಿದೆ. ಅದೇ ನೆಪದಲ್ಲಿ ಮ್ಯಾಗಝೀನ್ ಒಳಗೆ ಏನು ಹಚ್ಚಿದರೆ ಒಳ್ಳೆಯದು ಅಂತಲೂ ನೋಡಿಬಿಟ್ಟೆ. ಟಾಲ್ಕಂ ಪೌಡರ್ ಪುಣೆಯ ಮಳೆಗಾಲಕ್ಕೆ ಮುದ್ದೆಯಾಯಿತು. ಎಣ್ಣೆ ಹಾಕಿದರೆ ಗುಂಡಿನ ಮೇಣದ ಜೊತೆ ಸೇರಿ ಜಿಗಟು, ಮೇಲಿಂದ ಧೂಳು. ಪೆನ್ಸಿಲ್ ಸೀಸದ ಪುಡಿ ಪರವಾಗಿಲ್ಲ, ಕೈ ಮಾತ್ರ ಕಪ್ಪು. ಕೊನೆಗೆ ಒಣಗಿಸಿ ಒರೆಸಿಟ್ಟಿದ್ದೇ ಎಲ್ಲಕ್ಕಿಂತ ಚೆನ್ನಾಗಿತ್ತು.

ಬೋಲ್ಟ್ ತಳ್ಳುವಾಗ ಮ್ಯಾಗಝೀನ್ ತಳವನ್ನು ಬೆರಳಿನಿಂದ ಸ್ವಲ್ಪ ಮೇಲೆ ಒತ್ತಿ ಹಿಡಿದೆ. ಎಲ್ಲ ಡಮ್ಮಿಯೂ ಸಲೀಸಾಗಿ ಒಳಗೆ ಹೋದವು. ಅಷ್ಟೇ ವಿಷಯ. ಮ್ಯಾಗಝೀನ್ ಇರಬೇಕಾದ್ದಕ್ಕಿಂತ ತುಸು ಕೆಳಗೆ ಕೂರುತ್ತಿತ್ತು, ಬೋಲ್ಟ್‌ನ ಅಂಚಿಗೆ ರಿಮ್ ಪೂರ್ತಿ ಸಿಗುತ್ತಿರಲಿಲ್ಲ. ಕಾಕಾ ನಂಬಲಿಲ್ಲ. "ಟಕ್ ಅಂತ ಕೂರತೈತಲ್ಲೋ?" ಅಂದರು. ಮ್ಯಾಗಝೀನ್ ಹಿಡಿದಿಡುವ ಕ್ಯಾಚ್ ಸವೆದಿದ್ದರೂ ಟಕ್ ಅನ್ನುತ್ತೆ ಅಲ್ವಾ.

ಕ್ಯಾಚ್ ಬಿಚ್ಚಿ ಸವೆದ ಅಂಚಿಗೆ ಸಿಲ್ವರ್ ಬ್ರೇಜಿಂಗ್ (ಬೆಳ್ಳಿ ಬೆಸುಗೆ) ಮಾಡಿಸಿದೆ, ಮುನ್ನೂರು ರೂಪಾಯಿ. ಆಮೇಲೆ ಸಣ್ಣ ಅರದಿಂದ ಕೂದಲೆಳೆಯಷ್ಟು ಅರೆಯುವುದು, ಹಾಕಿ ನೋಡುವುದು, ಮತ್ತೆ ಬಿಚ್ಚುವುದು. ಜಾಸ್ತಿ ಅರೆದರೆ ಮತ್ತೆ ಬ್ರೇಜಿಂಗ್, ಜಾಸ್ತಿ ಬಿಟ್ಟರೆ ಬೋಲ್ಟ್ ಲಿಪ್‌ಗೆ ಉಜ್ಜುತ್ತೆ. ಎಲ್ಲಿ ನಿಲ್ಲಿಸಬೇಕು ಅಂತ ತಿಳಿಯಲು ಲಿಪ್ ಮೇಲೆ ನಾನು ಒಂದು ಚೂರು ಅಂಟಿಸಿ ನೋಡುತ್ತೇನೆ. ಅದು ಏನು, ಎಷ್ಟು ದಪ್ಪ ಅಂತ ಸದ್ಯಕ್ಕೆ ಹೇಳಲ್ಲ, ಹೊಟ್ಟೆಪಾಡು.

ಗಿರಾಕಿ ರೇಂಜ್‌ಗೆ ಒಯ್ದು ಇನ್ನೂರರ ಹತ್ತಿರ ಹೊಡೆದರು. ಒಂದೂ ನಿಲ್ಲಲಿಲ್ಲ. ಕಾಕಾ ಕ್ಯಾಚ್ ಬಿಚ್ಚಿಸಿ ಬೆಳಕಿಗೆ ಹಿಡಿದು ನೋಡಿದರು, ಏನೂ ಅನ್ನಲಿಲ್ಲ. ಮರುವಾರ ತಮ್ಮ ಬಳಿ ಬಂದ ಇಂಥದ್ದೇ ಒಂದು ರೈಫಲ್ ನನ್ನ ಬೆಂಚಿಗೆ ಕಳಿಸಿದರು. ಬೇರೆ ರೈಫಲ್‌ನಲ್ಲೂ ಓಡದ ಆ ಮೂರನೇ ಮ್ಯಾಗಝೀನ್‌ನ ಲಿಪ್ ಯಾರೋ ಇಕ್ಕಳದಲ್ಲಿ ತಿರುಚಿದ್ದಾರೆ. ಅದನ್ನು ಬಿಡಿ ಭಾಗಕ್ಕೆ ಇಟ್ಟುಕೊಳ್ಳಿ ಅಂತ ಗಿರಾಕಿಗೆ ಅಂದಿದ್ದೇನೆ.